ಎಣ್ಣೆ ಹೊಲದ ನಕಲು

ಕಾಗದಪತ್ರಗಳ ಲೋಕದಲ್ಲಿ ಬರೆಯುವವರು ಲಕ್ಷ ಮಂದಿ, ಸಹಿ ಹಾಕುವವರು ಸಾವಿರ ಮಂದಿ. ಬರೆದದ್ದು ಬರೆದಂತೆಯೇ ಇದೆಯೇ ಎಂದು ನೋಡುವವರು ಮಾತ್ರ ಬಹು ವಿರಳ. ಆ ವಿರಳರ ಸಾಲಿನಲ್ಲಿ ಮೊದಲ ಆಸನವನ್ನು ನಿಸ್ಸಂಶಯವಾಗಿ ತಾಳೆರಾಯರಿಗೆ ಕೊಡಬೇಕು.

ತಾಳೆರಾಯರೆಂಬುದು ತಂದೆತಾಯಿ ಇಟ್ಟ ಹೆಸರಲ್ಲ. ದಾಖಲೆ ಕಚೇರಿಯ ನಕಲು ಶಾಖೆ ದಯಪಾಲಿಸಿದ ಬಿರುದು. ಮೂಲ ಕಾಗದವನ್ನೂ ಅದರ ನಕಲನ್ನೂ ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುವುದಕ್ಕೆ ಆ ಶಾಖೆಯಲ್ಲಿ ‘ತಾಳೆ ನೋಡುವುದು’ ಎನ್ನುತ್ತಾರೆ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ನಕಲಿನ ಮೇಲೆ ಬೆರಳಿಟ್ಟು ‘ಇದೆ’ ಎನ್ನಬೇಕು. ಇಪ್ಪತ್ತೊಂಬತ್ತು ವರ್ಷಗಳಿಂದ ಆ ‘ಇದೆ’ ಎನ್ನುವ ಅಧಿಕಾರ ಅವರದು. ಬಿರುದನ್ನು ಮಾತ್ರ ಕೇಳಿದ್ದವರು ಯಾರೋ ತಾಳೆಮರದೆತ್ತರದ ಆಸಾಮಿ ಬರುವರೆಂದು ಕತ್ತೆತ್ತಿ ಕಾಯುತ್ತಿದ್ದು, ತಮ್ಮ ಮೊಣಕೈಯ ಬಳಿಯಿಂದ ‘ನಮಸ್ಕಾರ’ ಎಂಬ ದನಿ ಕೇಳಿ ಬೆಚ್ಚಿಬಿದ್ದದ್ದುಂಟು.

ಈ ವೃತ್ತಾಂತ ನಡೆದ ವಾರದಲ್ಲಿ ಶಾಖೆಯ ಮೇಲ್ವಿಚಾರಕ ಹುದ್ದೆ ತೆರವಾಗಿತ್ತು. ಹಿರಿತನದಲ್ಲಿ ತಾಳೆರಾಯರು ಮೊದಲಿಗರು. ಪಕ್ಕದ ಮನೆಯ ನಿವೃತ್ತ ವ್ಯಾಕರಣದ ಮೇಷ್ಟ್ರ ಅಳಿಯ ಎರಡನೆಯವನು. ಕಡತ ದೊಡ್ಡ ಸಾಹೇಬರ ಮೇಜಿನ ಮೇಲಿತ್ತು. ಸಾಹೇಬರು ಶುಕ್ರವಾರ ಸಂಜೆ ದೀರ್ಘ ರಜೆಯ ಮೇಲೆ ಹೋಗುವವರು. ಅಷ್ಟರೊಳಗೆ ಸಹಿ ಬೀಳಬೇಕು. ಬೀಳದಿದ್ದರೆ, ಅವರು ಮರಳುವ ವೇಳೆಗೆ ತಾಳೆರಾಯರ ನಿವೃತ್ತಿಯ ದಿನ ಕಳೆದಿರುತ್ತದೆ. ಗುಮಾಸ್ತರಾಗಿ ಸೇರಿದವರು ಗುಮಾಸ್ತರಾಗಿಯೇ ಮನೆಗೆ ಬರಬೇಕಾಗುತ್ತದೆ. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಸಾಕು. ಉಳಿದದ್ದನ್ನೆಲ್ಲ ತಾಳೆರಾಯರೇ ಕೆಡಿಸಿಕೊಳ್ಳುತ್ತಾರೆ.

ಕೆಡುವುದಕ್ಕೆ ಆರಂಭವಾದದ್ದು ಷಡ್ಡಕರ ಬಾಯಿಂದ. ಹೆಂಡತಿಯ ತಂಗಿಯ ಗಂಡನಾದ ಈ ಮಹನೀಯರು ಕಬ್ಬಿಣದ ಕೊಳವೆಗಳ ವ್ಯಾಪಾರಿ. ಹಿಂದಿನ ಭಾನುವಾರ ಬಂದವರು, ಕುರ್ಚಿಯಲ್ಲಿ ಕುಳಿತು, ಎದುರಿನ ಗೋಡೆಯನ್ನು ರೋಗಿಯನ್ನು ನೋಡುವ ವೈದ್ಯರಂತೆ ನೋಡಿದರು.

“ಏನ್ ಭಾವ, ಗೋಡೆ ಇಷ್ಟು ಬೋಳು? ಬಂದವರು ಕಣ್ಣು ಎಲ್ಲಿಡಬೇಕು? ನಮ್ಮನೇಲಿ ನೋಡಿ, ಬಾಗಿಲಿಂದ ಕಿಟಕಿವರೆಗೂ ಜಲಪಾತದ ಪಟ. ಸ್ವಿಚ್ ಹಾಕಿದ್ರೆ ನೀರು ಬೀಳೋ ಸದ್ದೂ ಬರುತ್ತೆ.”

ಅವರು ಹೊರಟ ಮೇಲೆ ಮನೆಯಾಕೆ ಬಾಗಿಲು ಹಾಕಿ ತಿರುಗಿ ಹೇಳಿದರು: “ಅವಳ ಮನೇಲಿ ಗೋಡೆ ಕೂಡ ಸದ್ದು ಮಾಡುತ್ತೆ. ನಮ್ಮನೇಲಿ ಗಂಡನೂ ಮಾಡಲ್ಲ.”

ತಾಳೆರಾಯರು ಸದ್ದಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದರು.

ಸೈಕಲ್ ರಿಪೇರಿ ಅಂಗಡಿಯ ಮೇಲಂತಸ್ತಿನಲ್ಲಿ ಒಬ್ಬ ಚಿತ್ರಗಾರ್ತಿ ಇದ್ದಳು. ಐವತ್ತರ ಆಸುಪಾಸು, ಮೂಗಿನ ತುದಿಯಲ್ಲಿ ಕನ್ನಡಕ, ಕನ್ನಡಕದ ಮೇಲೆ ಹಳದಿ ಬಣ್ಣದ ಚುಕ್ಕೆ. ರಾಯರು ಮೆಟ್ಟಿಲು ಹತ್ತಿ ಒಳಗೆ ನೋಡಿದರೆ ಗೋಡೆಯುದ್ದಕ್ಕೂ ಒಂದೇ ಹೊಲ ಆರು ಸಲ ನಿಂತಿದೆ. ಮೊದಲನೆಯದರಲ್ಲಿ ಬರಿಯ ಆಕಾಶ. ಎರಡನೆಯದರಲ್ಲಿ ಆಕಾಶದ ಕೆಳಗೆ ನೀಲಿ ಗುಡ್ಡ. ಮೂರನೆಯದರಲ್ಲಿ ಗುಡ್ಡದ ಕೆಳಗೆ ಹಳದಿ. ಹೀಗೆ ಮುಂದುವರಿದು ಆರನೆಯದರಲ್ಲಿ ಕಟಾವಾದ ಗೋಧಿ ಹೊಲ, ನಡುವೆ ನೀಲಿ ಗಾಡಿ, ಬಿಸಿಲು, ಎಲ್ಲವೂ ಸಂಪೂರ್ಣ.

“ಇದನ್ನೆಲ್ಲ ಯಂತ್ರದಲ್ಲಿ ತೆಗೀತೀರಾ?” ಎಂದರು ರಾಯರು.

“ಯಂತ್ರ ಗಿಂತ್ರ ಏನೂ ಇಲ್ಲ. ಪ್ರತಿಯೊಂದೂ ಕೈಯಲ್ಲೇ ಬರೆದದ್ದು, ಎಣ್ಣೆ ಬಣ್ಣದಲ್ಲಿ. ಮುಂದೆ ಮೂಲ ಚಿತ್ರದ್ದು ಮ್ಯೂಸಿಯಮ್ಮಿನವರು ಅಚ್ಚು ಹಾಕಿಸಿದ ಪಟ ಇಟ್ಕೊಂಡು, ನೋಡಿ ನೋಡಿ ಬರೀತೀನಿ.”

ಕೈಯಲ್ಲೇ ಬರೆದ ನಕಲು! ರಾಯರ ಮೈ ಜುಮ್ಮೆಂದಿತು. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ನಕಲುಗಳನ್ನು ಕೈಯಲ್ಲೇ ಬರೆಯುತ್ತಿದ್ದರು. ಈಗ ಯಂತ್ರದ ಬಾಯಿಗೆ ಕಾಗದ ಕೊಟ್ಟರೆ ಬಾಲದಿಂದ ಬರುತ್ತದೆ. ಲೋಕದಿಂದ ಮಾಯವಾಗಿದ್ದ ಒಂದು ವಿದ್ಯೆ ಸೈಕಲ್ ಅಂಗಡಿಯ ಮೇಲೆ ಹೀಗೆ ಬದುಕಿರುವುದನ್ನು ಕಂಡು ಅವರು ಕರ್ತವ್ಯಪೂರ್ವಕವಾಗಿ ವಿಚಾರಣೆಗೆ ತೊಡಗಿದರು.

“ಮೂಲ ಯಾರ ವಶದಲ್ಲಿದೆ?”

“ಸಮುದ್ರದಾಚೆ. ಮ್ಯೂಸಿಯಮ್ಮಿನವರ ವಶದಲ್ಲಿ.”

“ಮೂಲ ಬರೆದವರು ಹಾಜರಿದ್ದಾರಾ?”

“ಅವರು ತೀರಿಕೊಂಡು ನೂರು ವರ್ಷದ ಮೇಲಾಯ್ತಲ್ಲ ಸಾರ್. ದೊಡ್ಡ ಹೆಸರು. ಪ್ರಪಂಚದವರೆಲ್ಲ ಈ ಹೊಲದ ಮುಂದೆ ಬಂದು ನಿಂತ್ಕೋತಾರೆ.”

“ಛೆ ಛೆ,” ಎಂದು ರಾಯರು ಕನ್ನಡಕ ತೆಗೆದು ಎರಡು ಕ್ಷಣ ಸಂತಾಪ ಸೂಚಿಸಿದರು.

“ಅವರಿಗೆ ಪ್ರಪಂಚ ಕೈ ಮುಗಿಯುತ್ತೆ. ನನ್ನ ಹತ್ರ ಬಂದವರು ಮಾತ್ರ, ‘ಏನಮ್ಮ, ಇದು ನಕಲಿನಾ?’ ಅಂತ ಮೂಗು ಮುರೀತಾರೆ.”

“ಅವರಿಗೆ ಭಾಷೆ ಬರಲ್ಲ, ಕ್ಷಮಿಸಿಬಿಡಿ,” ಎಂದರು ರಾಯರು. “ನಕಲಿ ಅಂದ್ರೆ ಮೋಸ. ನಕಲು ಅಂದ್ರೆ ಸೇವೆ. ನಾನು ಇಪ್ಪತ್ತೊಂಬತ್ತು ವರ್ಷದಿಂದ ಸೇವೆಯಲ್ಲಿದೀನಿ.”

ಆ ಮಾತಿಗೆ ಕರಗಿದ ಚಿತ್ರಗಾರ್ತಿ ಆರನೆಯ ಹೊಲವನ್ನೂ, ತಾಳೆ ನೋಡುವುದಕ್ಕೆಂದು ರಾಯರು ಪಟ್ಟುಹಿಡಿದು ಕೇಳಿದ ಅಚ್ಚನ್ನೂ ಕೊಟ್ಟು ಕಳುಹಿಸಿದಳು.

ಮನೆಯಾಕೆಗೆ ಹೊಲ ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ಕೂಡಲೇ ಒಂದು ಶಾಸನ ಹೊರಟಿತು. “ಬರೋ ಭಾನುವಾರ ಅವರಿಬ್ಬರನ್ನೂ ಕರೆದು ಮುಸುಕು ತೆಗೀಬೇಕು. ಅಲ್ಲಿವರೆಗೆ ಒಳಗಿನ ಕೋಣೇಲಿರಲಿ. ಚಿತ್ರ ಅನ್ನೋ ಮಾತು ನಿಮ್ಮ ಬಾಯಿಂದ ಬಿದ್ದರೆ ನೋಡಿ! ಆಣೆ ಮಾಡಿ.”

ರಾಯರು ಆಣೆ ಮಾಡಿದರು. ಆ ಮೇಲೆ ದಂಪತಿಗಳಿಬ್ಬರೂ ಹೊಲವನ್ನು ಮಂಚದ ಮೇಲೆ ಮಲಗಿಸಿ ತಾಳೆ ನೋಡಲು ಕುಳಿತರು. ಆಕೆ ಅಚ್ಚನ್ನು ನೋಡಿ ಓದುವುದು. ಇವರು ಹೊಲದ ಮೇಲೆ ಬೆರಳಾಡಿಸುವುದು.

“ನಡುವೆ ನೀಲಿ ಗಾಡಿ, ಒಂದು.”

“ಇದೆ!”

“ಕುದುರೆ ಕಟ್ಟಿದ ಗಾಡಿ, ಇನ್ನೊಂದು.”

“ಇದೆ!”

“ದೊಡ್ಡ ಹುಲ್ಲಿನ ಬಣವೆ.”

“ಇದೆ!”

“ಹೆಂಚಿನ ಮನೆ.”

“ಅದೂ ಇದೆ!”

“ಕೆಲಸದಾಳು.”

“ಇದ್ದಾನೆ!”

“ಆ ಕಡೆ ಗುಡ್ಡ.”

“ಗುಡ್ಡ ಪೂರ್ತಿ ಇದೆ!”

“ಬಣವೆಗೆ ಒರಗಿಸಿದ ಏಣಿ.”

ಬೆರಳು ಬಣವೆಯ ಸುತ್ತ ಮೂರು ಪ್ರದಕ್ಷಿಣೆ ಹಾಕಿತು.

“ಏಣಿ ಇಲ್ಲ!”

“ಹೋಗ್ಲಿ ಬಿಡೀಂದ್ರೆ.”

“ಬಿಡೋದಾ? ಇಷ್ಟು ದೊಡ್ಡ ಹೊಲದಲ್ಲಿ ಏಣಿ ಕಾಣೆಯಾಗಿದೆ, ಬಿಡು ಅಂತೀಯಲ್ಲೇ!”

ಆ ಕೋಣೆಗೂ ಪಕ್ಕದ ಮನೆಗೂ ನಡುವೆ ಒಂದೇ ಇಟ್ಟಿಗೆಯ ಗೋಡೆ. ಗೋಡೆಯಾಚೆ ವ್ಯಾಕರಣದ ಮೇಷ್ಟ್ರು ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ಕುಳಿತಿದ್ದರು. ಕಿವಿಗಳು ಮಾತ್ರ ನೆಟ್ಟಗಿದ್ದವು. ಎರಡು ಗಾಡಿ, ಒಂದು ಕುದುರೆ, ಹೆಂಚಿನ ಮನೆ, ಆಳು, ಪೂರ್ತಿ ಗುಡ್ಡ! ಅವರು ತಮ್ಮ ಹೆಂಡತಿಯನ್ನು ಕರೆದು ಪಿಸುಗುಟ್ಟಿದರು: “ಕೇಳಿದ್ಯಾ? ಗುಡ್ಡ ಸಮೇತ ತಗೊಂಡಿದಾನೆ. ಒಂದು ಏಣಿ ಹೋಯ್ತು ಅಂತ ಎದೆ ಬಡ್ಕೋತಿದಾನೆ. ಇರೋರ ಬುದ್ಧಿನೇ ಇಷ್ಟು.”

ಮರುದಿನ ಚಿತ್ರಗಾರ್ತಿಯೇ ಬಣ್ಣದ ಪೆಟ್ಟಿಗೆ ಹಿಡಿದು ಬಂದಳು. ಮೊದಲು ಸಿಟ್ಟು: “ನಲವತ್ತೊಂದು ಹೊಲ ಮಾಡಿದೀನಿ ಸಾರ್. ಒಬ್ಬರೂ ಏಣಿ ಕೇಳಿರಲಿಲ್ಲ!” ಆಮೇಲೆ ಅಚ್ಚನ್ನು ಮೂಗಿಗೆ ಹಿಡಿದು ನೋಡಿ, ಮುಖ ಕೆಂಪಾಗಿ, ಮಾತಿಲ್ಲದೆ ಏಣಿ ಬರೆದಳು. ಹೋಗುವಾಗ, “ಒಂದು ವಾರ ಯಾರೂ ಮುಟ್ಟಬಾರದು, ಹಸಿ ಇದೆ. ನಲವತ್ತೊಂದು ಜನರಲ್ಲಿ ನೀವೊಬ್ಬರೇ ಸಾರ್ ನನ್ನ ಕೆಲಸ ಪೂರ್ತಿ ನೋಡಿದೋರು,” ಎಂದು ಕಣ್ಣೊರಸಿಕೊಂಡಾಗ ಕೆನ್ನೆಗೆ ಗೋಧಿಯ ಬಣ್ಣ ಹತ್ತಿತು.

ಈಗ ನಕಲು ಸರಿಯಾಯಿತು. ಸರಿಯಾದ ನಕಲಿನ ಹಿಂದೆ ಬರಹವಿಲ್ಲದಿದ್ದರೆ ರಾಯರಿಗೆ ಊಟ ಸೇರುವುದಿಲ್ಲ. ಕ್ಯಾನ್ವಾಸಿನ ಬೆನ್ನ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದರು: ‘ಹೊಲದ ನಕಲು. ನಕಲು ಮಾಡಿದವರು:’ ಎಂದು ಸ್ಥಳ ಬಿಟ್ಟು, ಕೆಳಗೆ ‘ತಾಳೆ ನೋಡಿದವರು:’ ಎಂದು ತಮ್ಮ ಸಹಿ ಹಾಕಿ, ಕೈಯಭ್ಯಾಸದಿಂದ ಹುದ್ದೆಯನ್ನೂ ನಮೂದಿಸಿದರು. ಸ್ಥಳ ಬಿಟ್ಟದ್ದು ಏಕೆಂದರೆ ಚಿತ್ರಗಾರ್ತಿ ಹೆಸರು ಹಾಕಲು ಒಪ್ಪಿರಲಿಲ್ಲ. “ನಾನು ಬರೀ ನೋಡಿ ಬರೆದೋಳು ಸಾರ್. ನನ್ನ ಹೆಸರು ಯಾರಿಗೆ ಬೇಕು?” ಎಂದಿದ್ದಳು.

ಮಂಗಳವಾರ ಬೆಳಿಗ್ಗೆ ಗೇಟಿನ ಬಳಿ ಮೇಷ್ಟ್ರು ಕಾದು ನಿಂತಿದ್ದರು.

“ಏನ್ ರಾಯರೇ, ಹೊಲ ತಗೊಂಡ್ರಂತೆ?”

ರಾಯರಿಗೆ ಆಣೆ ನೆನಪಾಯಿತು. ಸುಳ್ಳಾಡುವವರಲ್ಲ, ಚಿತ್ರವೆನ್ನುವಂತಿಲ್ಲ. “ಹೊಲ ಅಲ್ಲ ಮೇಷ್ಟ್ರೇ. ಹೊಲದ ನಕಲು.”

ಜಮೀನಿನ ನಕಲು ಕೈಗೆ ಬಂದ ಮೇಲೆ ಜಮೀನು ಬಂದಂತೆಯೇ ಎಂಬುದು ಲೋಕರೂಢಿ. ಮೇಷ್ಟ್ರು ಎಂಜಲು ನುಂಗಿದರು. “ಒಂದ್ಸಲ ನೋಡ್ಕೊಂಡು ಬರೋಣವಾ?”

“ಈಗ ಬೇಡ. ಹಸಿ ಇದೆ. ಕಾಲಿಡೋದಿರಲಿ, ಕೈಯೂ ಇಡೋ ಹಾಗಿಲ್ಲ.”

“ನೀರಾವರಿನಾ?”

“ನೀರು ತಾಗಿಸೋದೇ ಇಲ್ಲ. ಪೂರ್ತಿ ಎಣ್ಣೆ.”

“ಎಣ್ಣೆನಾ!”

“ಎಣ್ಣೆಯೇ. ಕೋಣೆಗೆಲ್ಲ ವಾಸನೆ.”

ಈ ಎಣ್ಣೆ ಮೇಷ್ಟ್ರ ಗೇಟಿನಿಂದ ಹೊರಟಾಗ ಎಳ್ಳೆಣ್ಣೆಯಾಗಿತ್ತು. ದರ್ಜಿಯ ಅಂಗಡಿ ತಲಪುವ ವೇಳೆಗೆ ಸೀಮೆಎಣ್ಣೆಯಾಯಿತು. ಕ್ಷೌರಿಕರ ಕುರ್ಚಿಯಲ್ಲಿ ಒಂದು ಸುತ್ತು ತಿರುಗಿ ಎದ್ದಾಗ ಶುದ್ಧ ಪೆಟ್ರೋಲಾಗಿತ್ತು. ತಾಳೆರಾಯರು ಸಮುದ್ರದಾಚೆ ಹೊಲ ಕೊಂಡಿದ್ದಾರೆ, ಅಗೆದರೆ ಎಣ್ಣೆ ಚಿಮ್ಮುತ್ತದೆ, ಸುದ್ದಿ ಹೊರಬೀಳಬಾರದೆಂದು ಹೆಂಡತಿಯ ಮೇಲೆ ಆಣೆ ಮಾಡಿದ್ದಾರೆ. ದರ್ಜಿ ಅವರನ್ನು ಕಂಡರೆ ಟೇಪನ್ನು ಕೊರಳಿಂದ ತೆಗೆದು ನಿಲ್ಲತೊಡಗಿದ. ಕ್ಷೌರಿಕ, ಅವರ ತಲೆಯ ಮೇಲೆ ಉಳಿದಿದ್ದ ಹನ್ನೆರಡು ಕೂದಲನ್ನು ಮುಕ್ಕಾಲು ಗಂಟೆ ಕತ್ತರಿಸಿದ. ಊರು ಇಷ್ಟು ಸಭ್ಯವಾದದ್ದು ಏಕೆಂದು ರಾಯರು ಯೋಚಿಸಿ, ಮೇಲ್ವಿಚಾರಕನಾಗುವ ಸುದ್ದಿ ಹಬ್ಬಿರಬೇಕೆಂದು ತೀರ್ಮಾನಿಸಿ, ಎದೆಯನ್ನು ಒಂದು ಅಂಗುಲ ಮುಂದೆ ಮಾಡಿ ನಡೆದರು.

ಬುಧವಾರ ಷಡ್ಡಕರೇ ಕಚೇರಿಯ ಮೆಟ್ಟಿಲಿಗೆ ಬಂದರು, ಕೈಯಲ್ಲಿ ಹಣ್ಣಿನ ಬುಟ್ಟಿ.

“ಭಾವ, ನಾವೇನು ಹೊರಗಿನವರಾ? ನನಗೂ ಮುಚ್ಚಿಟ್ರಲ್ಲ!”

“ಭಾನುವಾರ ತೋರಿಸೋಣ ಅಂತಿದ್ಲು ನಿಮ್ಮತ್ತಿಗೆ,” ಎಂದು ರಾಯರು ನಾಚಿದರು.

“ತೋರಿಸಿ, ತೋರಿಸಿ. ಆದರೆ ಒಂದು ಮಾತು. ಎಣ್ಣೆ ತರೋಕೆ ಕೊಳವೆ ಬೇಕಲ್ಲ? ನನ್ನ ಹತ್ರ ಇರುವಾಗ ಬೇರೆಯವರನ್ನ ಕೇಳ್ಬೇಡಿ.”

“ಕೊಳವೆ ಯಾಕ್ರೀ? ಟ್ಯೂಬಲ್ಲೇ ಬರುತ್ತೆ. ಮುಚ್ಚಳ ತಿರುಗಿಸಿ ಹಿಂಡಿದರಾಯ್ತು.”

ಷಡ್ಡಕರು ಗೋಡೆ ಹಿಡಿದುಕೊಂಡರು. ಮುಚ್ಚಳ ತಿರುಗಿಸಿದರೆ ಸಾಕು ಎಂಬಂತಹ ಭೂಮಿಯ ವಿಷಯವನ್ನು ಅವರು ವ್ಯಾಪಾರದ ಇಪ್ಪತ್ತು ವರ್ಷಗಳಲ್ಲಿ ಕೇಳಿರಲಿಲ್ಲ.

ಅದೇ ದಿನ ದೊಡ್ಡ ಸಾಹೇಬರಿಗೆ ಹೆಸರಿಲ್ಲದ ಒಂದು ಪತ್ರ ಬಂದಿತು. ನಕಲು ಶಾಖೆಯವರ ಮೇಲಿನ ದೂರನ್ನು ನಕಲು ಶಾಖೆಗೇ ಕಳುಹಿಸುವಂತಿಲ್ಲವಾದ್ದರಿಂದ ಸಾಹೇಬರ ಖಾಸಾ ಟೈಪಿಸ್ಟರೇ ಪ್ರತಿ ತೆಗೆದರು. ಪ್ರತಿ ಹೀಗಿತ್ತು: ‘ತಮ್ಮ ನಕಲು ಶಾಖೆಯ ಹಿರಿಯ ಗುಮಾಸ್ತರ ಬಳಿ ಹೊಲದ ನಕಲಿ ಇದೆ. ಹೊಲದಲ್ಲಿ ಎಣ್ಣೆಯೂ ಇದೆ. ಇಷ್ಟಿರುವವರಿಗೆ ಮೇಲ್ವಿಚಾರಕ ಹುದ್ದೆಯೂ ಬೇಕೆ? ಎರಡನೆಯವರಿಗೆ ಕೊಡುವುದು ನ್ಯಾಯವಲ್ಲವೆ? ಇಂತಿ, ಹಿತೈಷಿ.’

ಸಾಹೇಬರು ಎಣ್ಣೆಯನ್ನು ಬಿಟ್ಟುಬಿಟ್ಟರು. ‘ಹೊಲದ ನಕಲಿ’ ಎಂಬಲ್ಲಿ ಅವರ ಕಣ್ಣು ನಿಂತಿತು. ಖೋಟಾ ಜಮೀನು ದಾಖಲೆ! ಅದೂ ತಮ್ಮ ಕಚೇರಿಯಲ್ಲಿ! ಬಡ್ತಿಯ ಕಡತದ ಮೇಲೆ ‘ತಡೆ’ ಎಂದು ಬರೆದು, ತನಿಖಾಧಿಕಾರಿಯನ್ನು ಕರೆಸಿದರು.

ತನಿಖಾಧಿಕಾರಿಣಿ ನಗುವುದನ್ನು ಸೇವಾನಿಯಮಗಳಲ್ಲಿ ಎಲ್ಲೂ ಕಾಣದ ಕಾರಣ ಎಂದೂ ನಗದಿದ್ದವರು. ಗುರುವಾರ ರಾಯರನ್ನು ಎದುರಿಗೆ ಕೂರಿಸಿಕೊಂಡರು.

“ರೀ, ಹೊಲ ಎಲ್ಲಿದೆ?”

“ಮನೇಲಿದೆ.”

“ಮನೆ ಹತ್ತಿರವಾ?”

“ಮನೆ ಒಳಗೆ. ಮಂಚದ ಮೇಲೆ.”

ಅಧಿಕಾರಿಣಿ ಲೇಖನಿಯನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡರು. “ನೀವು ಅದಕ್ಕೆ ಸಹಿ ಹಾಕಿದೀರಾ?”

“ಹಾಕದೆ ಬಿಡ್ತೀನಾ? ಸಹಿ, ತಾರೀಖು, ಹುದ್ದೆ, ಎಲ್ಲ ಹಾಕಿದೀನಿ.”

“ತಯಾರು ಮಾಡಿದೋರು ಯಾರು?”

“ಸೈಕಲ್ ಅಂಗಡಿ ಮೇಲಿರೋ ಹೆಂಗಸು. ಬಹಳ ಒಳ್ಳೆ ಕೈ. ಇಂಥವು ನಲವತ್ತೊಂದು ಮಾಡಿದ್ದಾರೆ.”

ನಲವತ್ತೊಂದು! ಇದು ಖೋಟಾ ದಾಖಲೆಗಳ ದೊಡ್ಡ ಜಾಲವೇ ಎಂದು ಅಧಿಕಾರಿಣಿ ಆ ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದರು. ಹೇಳಿಕೆಯನ್ನು ಟೈಪು ಮಾಡಿಸಿ ರಾಯರ ಮುಂದಿಟ್ಟರು. ‘ನಾನು ಹೊಲದ ನಕಲಿಗೆ ಸಹಿ ಹಾಕಿರುತ್ತೇನೆ’ ಎಂದಿತ್ತು. ‘ನಕಲು’ ಎಂಬುದಕ್ಕೆ ಚತುರ್ಥೀ ವಿಭಕ್ತಿ ಹತ್ತಿದರೆ ‘ನಕಲಿಗೆ’ ಎಂದೇ ಆಗಬೇಕು. ದುರದೃಷ್ಟವಶಾತ್ ‘ನಕಲಿ’ ಎಂಬುದಕ್ಕೆ ಹತ್ತಿದರೂ ಅದೇ ಆಗುತ್ತದೆ. ರಾಯರು ಎರಡು ಬಾರಿ ತಾಳೆ ನೋಡಿ, “ಒಂದಕ್ಷರ ತಪ್ಪಿಲ್ಲ,” ಎಂದು ಸಂತೋಷದಿಂದ ಸಹಿ ಮಾಡಿದರು.

“ಇಷ್ಟು ಖುಷಿಯಾಗಿ ತಪ್ಪೊಪ್ಪಿಕೊಂಡೋರನ್ನ ನಾನು ಇದುವರೆಗೆ ನೋಡಿಲ್ಲ,” ಎಂದರು ಅಧಿಕಾರಿಣಿ. “ನಾಳೆ ಬೆಳಿಗ್ಗೆ ಸ್ಥಳ ಪರಿಶೀಲನೆ. ನಿಮ್ಮ ಬಡ್ತಿಗೆ ತಡೆ ಬಿದ್ದಿದೆ, ಗೊತ್ತಿರಲಿ.”

ಬಡ್ತಿಗೆ ತಡೆ! ರಾಯರು ಆ ಕುರ್ಚಿಯಿಂದ ಎದ್ದದ್ದು, ರಸ್ತೆ ದಾಟಿದ್ದು, ಮನೆ ಸೇರಿದ್ದು ಅವರಿಗೆ ತಿಳಿಯದು. ಹೆಂಡತಿಗೆ ಹೇಳಿದಾಗ ಆಕೆ ಒಲೆ ಆರಿಸಿ ಬಂದು ಪಕ್ಕದಲ್ಲಿ ಕುಳಿತರು.

“ಗೋಡೆಗೆ ಆಸೆಪಟ್ಟು ನಿಮ್ಮ ಕುರ್ಚಿ ಕಳೆದೆ,” ಎಂದರು. “ಆಣೆ ವಾಪಸ್ ತಗೊಂಡಿದೀನಿ. ಚಿತ್ರ ಅಂತ ಊರಿಗೆಲ್ಲ ಸಾರಿಬಿಡಿ.”

“ಚಿತ್ರ ಅಂದ್ರೆ ಬಿಡ್ತಾರಾ? ತಪ್ಪೇನು ಅಂತಲೇ ನನಗೆ ತಿಳೀಲಿಲ್ವಲ್ಲೇ,” ಎಂದರು ರಾಯರು.

ಶುಕ್ರವಾರ ಹತ್ತು ಗಂಟೆಗೆ ಜೀಪು ಬೀದಿಯ ನಡುವೆ ನಿಂತಿತು. ಅಧಿಕಾರಿಣಿ ಇಳಿದರು; ಹಿಂದೆ ಅಳತೆ ಟೇಪು ಹೆಗಲಿಗೇರಿಸಿದ ಮೋಜಣಿದಾರ; ಅವನ ಹಿಂದೆ, ಸಾಕ್ಷಿಗೆಂದು ಕರೆತಂದ ಚಿತ್ರಗಾರ್ತಿ. ಎಣ್ಣೆಯಲ್ಲಿ ಬಂಧುತ್ವ ಹೇಳಿಕೊಳ್ಳಲು ಷಡ್ಡಕರು ಮೊದಲೇ ಬಂದಿದ್ದರು. ಮೇಷ್ಟ್ರು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ರಾಯರ ಮನೆಯ ಹೊಸ್ತಿಲಿಗೆ ಬಡ್ತಿ ಹೊಂದಿದ್ದರು. ದರ್ಜಿ, ಕ್ಷೌರಿಕ, ಅವನ ಅರ್ಧ ಗಡ್ಡ ಹೆರೆದ ಗಿರಾಕಿ, ಎಲ್ಲರೂ ಕತ್ತು ಚಾಚಿ ನಿಂತರು.

“ಹೊಲ ತೋರಿಸಿ.”

ರಾಯರು ಒಳಗಿನ ಕೋಣೆಗೆ ಕರೆದೊಯ್ದು ಮುಸುಕು ತೆಗೆದರು.

ಹಳದಿ ಬಿಸಿಲು ಕೋಣೆಯ ತುಂಬ ಚೆಲ್ಲಿತು. ಎಲ್ಲರೂ ನೋಡುತ್ತ ನಿಂತುಬಿಟ್ಟರು. ಮೋಜಣಿದಾರ ಮಾತ್ರ, ಬಂದ ಕೆಲಸ ಬಿಡಬಾರದೆಂದು ಟೇಪು ಬಿಚ್ಚಿ ಗಟ್ಟಿಯಾಗಿ ವರದಿ ಒಪ್ಪಿಸಿದ: “ಉದ್ದ ಮೂರಡಿ, ಅಗಲ ಎರಡೂಕಾಲು. ನಾಲ್ಕೂ ದಿಕ್ಕಿಗೆ ಮರದ ಚೌಕಟ್ಟು. ಒತ್ತುವರಿ ಇಲ್ಲ, ಮೇಡಂ.”

“ಎಣ್ಣೆ ಎಲ್ಲಿ?” ಎಂದು ಷಡ್ಡಕರು ನರಳಿದರು.

“ಇದೆಲ್ಲ ಎಣ್ಣೆಯೇ. ಮೂಸಿ ನೋಡಿ,” ಎಂದಳು ಚಿತ್ರಗಾರ್ತಿ. ಷಡ್ಡಕರು ನಿಜವಾಗಿಯೂ ಮೂಸಿದರು. ಎದ್ದಾಗ ಮೂಗಿನ ತುದಿಯಲ್ಲಿ ಏಣಿಯ ಒಂದು ಮೆಟ್ಟಿಲಿತ್ತು.

ಅಧಿಕಾರಿಣಿ ಕ್ಯಾನ್ವಾಸನ್ನು ತಿರುಗಿಸಿ ಹಿಂದಿನ ಬರಹ ಓದಿದರು. ಮುಖ ಇನ್ನಷ್ಟು ಬಿಗಿಯಿತು. “ಹೊಲ ಇಲ್ಲ ಅನ್ನೋದು ಸರಿ. ಆದರೆ ದೂರು ಹಾಗೇ ಉಳಿದಿದೆ. ಪ್ರಸಿದ್ಧರ ಕೃತಿಯನ್ನ ಖೋಟಾ ಮಾಡಿಸಿ, ಸರಕಾರಿ ಹುದ್ದೆ ಹಾಕಿ ಸಹಿ ಮಾಡಿದರೆ ಅದು ಜಮೀನಿಗಿಂತ ದೊಡ್ಡ ಅಪರಾಧ. ಕೇಳಿ, ದೂರು ಓದ್ತೀನಿ. ‘ಗುಮಾಸ್ತರ ಬಳಿ ಹೊಲದ ನಕಲಿ ಇದೆ’.”

“ಏನಿದೆ?” ಎಂದರು ತಾಳೆರಾಯರು.

“ನಕಲಿ. ನಕಲಿ ಇದೆ.”

ಇಪ್ಪತ್ತೊಂಬತ್ತು ವರ್ಷ ಯಾರ ಮುಂದೆಯೂ ದನಿಯೇರಿಸದ ಆ ಸಣ್ಣ ದೇಹದಿಂದ ಬಂದ ಕೂಗಿಗೆ ಮೋಜಣಿದಾರನ ಟೇಪು ಸರ್ರನೆ ತಾನಾಗಿಯೇ ಸುತ್ತಿಕೊಂಡಿತು.

“ನಕಲು, ಅಮ್ಮ! ಲಕಾರಕ್ಕೆ ಕೊಂಬು! ಗುಡಿಸು ಅಲ್ಲ! ನನ್ನ ಕೊಂಬು ಕಿತ್ತು, ಗುಡಿಸು ಕೊಟ್ಟು, ನನ್ನನ್ನೇ ಗುಡಿಸಿ ಹಾಕೋಕೆ ಹೊರಟಿದಾರಲ್ಲ! ನೀವು ಓದ್ತಿರೋದು ಮೂಲವೋ, ಪ್ರತಿಯೋ?”

“ಪ್ರತಿ. ಟೈಪ್ ಆಗಿರೋದು.”

“ತಾಳೆ ನೋಡಿದೋರು ಯಾರು?”

ಅಧಿಕಾರಿಣಿ ಹಾಳೆಯನ್ನು ತಿರುವಿದರು. ಯಾರ ಸಹಿಯೂ ಇರಲಿಲ್ಲ.

“ತಾಳೆ ನೋಡದ ಪ್ರತಿ ಮೇಲೆ ಒಬ್ಬ ಮನುಷ್ಯನ ಬಡ್ತಿ ನಿಲ್ಲಿಸ್ತೀರಾ? ಮೂಲ ತೆಗೀರಿ!”

ಆಜ್ಞೆ ಯಾರು ಯಾರಿಗೆ ಮಾಡುತ್ತಿದ್ದಾರೆಂಬುದನ್ನು ಮರೆತ ಅಧಿಕಾರಿಣಿ, ಕಡತದ ತಳದಿಂದ ಮೂಲ ಪತ್ರವನ್ನು ತೆಗೆದರು. ರಾಯರು ಬೆರಳಿಟ್ಟರು. ಬೆರಳು ಒಂದು ಕಡೆ ನಿಂತಿತು, ಮುಖ ಅರಳಿತು.

“ಇಲ್ಲಿ ಏನಿದೆ ಓದಿ.”

“‘ಹೊಲದ ನಕಲಿದೆ’. ಅದೇ ಆಯ್ತಲ್ಲ? ಟೈಪಿಸ್ಟರು ಬಿಡಿಸಿ, ನಕಲಿ ಇದೆ ಅಂತ ಹೊಡೆದಿದ್ದಾರೆ.”

“ಹೇಗೆ ಆಗುತ್ತಮ್ಮ? ನಕಲು, ಇದೆ. ಉಕಾರ ಬಿದ್ದುಹೋಗಿ ನಕಲಿದೆ. ಲೋಪಸಂಧಿ! ನಕಲಿ ಅನ್ನೋದಾದರೆ ಇಕಾರ ಬೀಳಲ್ಲ. ನಡುವೆ ಯಕಾರ ಬಂದು ನಕಲಿಯಿದೆ ಅಂತಾಗಬೇಕು. ಆಗಮಸಂಧಿ! ಎಲ್ಲಿ, ಯಕಾರ ತೋರಿಸಿ ನೋಡೋಣ!”

ಕ್ಷೌರಿಕನ ಗಿರಾಕಿಯೂ ಸೇರಿ ಎಲ್ಲರೂ ಯಕಾರಕ್ಕಾಗಿ ಬಾಗಿ ನೋಡಿದರು. ಇರಲಿಲ್ಲ.

ಅಧಿಕಾರಿಣಿ ಸುಲಭವಾಗಿ ಸೋಲುವವರಲ್ಲ. “ಹೆಸರು ಹಾಕೋ ಧೈರ್ಯ ಇಲ್ಲದೋನು ಬರೆದ ಪತ್ರ ಇದು. ವ್ಯಾಕರಣ ಬರದೆ ಯಕಾರ ಬಿಟ್ಟಿರ್ತಾನೆ. ಯಾರೋ ಅಡ್ನಾಡಿ…”

“ಏನಂದ್ರಿ?”

ಹೊಸ್ತಿಲ ಬಳಿ ಸಿಡಿಲು ಬಿದ್ದಂತಾಯಿತು. ವ್ಯಾಕರಣದ ಮೇಷ್ಟ್ರು ಜನರನ್ನು ಸೀಳಿಕೊಂಡು ಒಳಗೆ ನುಗ್ಗಿದರು. ಕೊರಳ ನರಗಳು ಉಬ್ಬಿದ್ದವು.

“ಯಕಾರ ಬಿಡ್ತೀನಾ ನಾನು? ನಲವತ್ತು ವರ್ಷ ಸಂಧಿ ಪಾಠ ಮಾಡಿದ ಕೈ ಇದು! ನಕಲು ಅಂತಲೇ ಬರೆದದ್ದು, ಲೋಪಸಂಧಿ ಮಾಡಿಯೇ ಬರೆದದ್ದು! ಬಿಡಿಸೋಕೆ ಬಾರದ ನಿಮ್ಮ ಟೈಪಿಸ್ಟನ್ನ ಬೆಂಚಿನ ಮೇಲೆ ನಿಲ್ಲಿಸಿ!”

ಆಮೇಲೆ ಅವರಿಗೆ ತಾವು ಹೇಳಿದ್ದೇನೆಂಬುದು ಕೇಳಿಸಿತು.

ಕೋಣೆಯ ಕತ್ತುಗಳೆಲ್ಲ ಅವರತ್ತ ತಿರುಗಿದವು. ರಾಯರ ಹೆಂಡತಿ ಸೊಂಟದ ಮೇಲೆ ಕೈಯಿಟ್ಟರು.

“ಓಹೋ! ಹಿತೈಷಿಗಳು ನೀವೇನಾ?”

“ಅಳಿಯನಿಗೆ… ಅವನಿಗೂ ವಯಸ್ಸಾಗ್ತಾ ಬಂತು ಅಂತ…” ಎಂದು ತೊದಲಿದ ಮೇಷ್ಟ್ರು ಕೊನೆಗೆ ತಲೆ ಬಗ್ಗಿಸಿ, “ಬರೆದದ್ದು ತಪ್ಪು. ಸಂಧಿ ಮಾತ್ರ ಸರಿ,” ಎಂದರು.

“ಸಂಧಿ ಅಪ್ಪಟ, ಮೇಷ್ಟ್ರೇ,” ಎಂದು ತಾಳೆರಾಯರು ಅವರ ಕೈ ಹಿಡಿದುಕೊಂಡರು. “ನೀವು ಒಂದು ಯಕಾರ ಜಾಸ್ತಿ ಹಾಕಿದ್ದರೆ ನಾನು ಮುಳುಗಿಹೋಗ್ತಿದ್ದೆ. ವೈರಿಯಾದರೂ ಓದಿದವನಾಗಿರಬೇಕು.”

ಅಧಿಕಾರಿಣಿ ಮೂಲವನ್ನೊಮ್ಮೆ, ಪ್ರತಿಯನ್ನೊಮ್ಮೆ, ಹೊಲವನ್ನೊಮ್ಮೆ ನೋಡಿದರು. ತುಟಿಯ ಒಂದು ಕೊನೆಯಲ್ಲಿ ಏನೋ ಅಲುಗಿತು. ಅದು ನಗುವೇ ಇರಬೇಕೆಂದು ಮೋಜಣಿದಾರ ಇಂದಿಗೂ ವಾದಿಸುತ್ತಾನೆ.

“ಅಂದರೆ ದೂರಿನಲ್ಲಿ ಉಳಿದದ್ದು ಇಷ್ಟೇ. ಗುಮಾಸ್ತರ ಬಳಿ ಹೊಲದ ನಕಲು ಇದೆ. ಇದೆಯೇ?”

“ಇದೆ,” ಎಂದರು ರಾಯರು, ಬೆರಳಿಟ್ಟು.

“ಎಣ್ಣೆಯೂ ಇದೆ. ಇದೆಯೇ?”

“ಇದೆ,” ಎಂದರು ಷಡ್ಡಕರು, ಮೂಗೊರಸಿಕೊಳ್ಳುತ್ತ.

“ಎರಡೂ ಅಪರಾಧವಲ್ಲ. ಆದರೆ ಹಿಂದೆ ಒಂದು ಲೋಪ ಇದೆ. ಸಂಧಿಯದಲ್ಲ. ‘ನಕಲು ಮಾಡಿದವರು’ ಅಂತ ಬರೆದು ಸ್ಥಳ ಖಾಲಿ ಬಿಟ್ಟಿದೀರಿ. ಮಾಡಿದವರ ಸಹಿಯಿಲ್ಲದೆ ನಕಲು ಊರ್ಜಿತವಾಗಲ್ಲ ಅನ್ನೋದು ನಿಮಗೆ ಗೊತ್ತಿರಬೇಕಿತ್ತು.”

ಚಿತ್ರಗಾರ್ತಿ ಹಿಂದೆ ಸರಿದಳು. “ನನ್ನದು ಯಾಕೆ ಮೇಡಂ? ನಾನು ಬರೀ…”

“ನಿಯಮ, ಅಮ್ಮ. ಬರೀರಿ.”

ನಲವತ್ತೊಂದು ಹೊಲ ಉತ್ತು ಕೊಯ್ದ ಕೈ ತನ್ನ ಹೆಸರಿನ ಮೊದಲ ಅಕ್ಷರವನ್ನು ಇರುವೆಯಷ್ಟು ಸಣ್ಣಗೆ ಬರೆಯಿತು, ಎರಡನೆಯದರಲ್ಲಿ ನಿಂತಿತು, ಕೊನೆಯ ಅಕ್ಷರಕ್ಕೆ ಬರುವಾಗ ಗಾಡಿಯ ಚಕ್ರದಷ್ಟು ದುಂಡಗೆ ಓಡಿತು. ದರ್ಜಿ ಚಪ್ಪಾಳೆ ತಟ್ಟಿದ. ಬೀದಿಯೇ ತಟ್ಟಿತು. ಅಧಿಕಾರಿಣಿ ಅದರ ಕೆಳಗೆ, ಯಾರೂ ಕೇಳದಿದ್ದರೂ, ‘ಪರಿಶೀಲಿಸಿದೆ’ ಎಂದು ತಮ್ಮ ಸಹಿಯನ್ನೂ ಹಾಕಿ, “ಇಂಥದ್ದೇ ಇನ್ನೊಂದು ನನಗೆ ಬೇಕು,” ಎಂದು ಚಿತ್ರಗಾರ್ತಿಯ ಕಿವಿಯಲ್ಲಿ ಹೇಳಿದರು. ಅದು ಗುಟ್ಟಾಗಿ ಹೇಳಿದ್ದು. ಒಂದೇ ಇಟ್ಟಿಗೆಯ ಗೋಡೆಗಳ ಬೀದಿಯಲ್ಲಿ ಎಲ್ಲರಿಗೂ ಕೇಳಿತು.

ಗಡಿಯಾರ ಹನ್ನೆರಡು ತೋರಿಸುತ್ತಿತ್ತು. ಅಧಿಕಾರಿಣಿ ಮಂಚದ ಅಂಚಿನಲ್ಲೇ ಕುಳಿತು ವರದಿ ಮುಗಿಸಿ, ಕಡತ ಕಟ್ಟಿ ಎದ್ದರು.

“ಸಾಹೇಬರು ಸಂಜೆ ಹೊರಡ್ತಾರೆ. ತಡೆ ತೆಗೆಸಿ ಸಹಿ ಹಾಕಿಸೋಕೆ ಟೈಮಿದೆ. ಆದರೆ ಆ ಆದೇಶವನ್ನೂ ಅದೇ ಟೈಪಿಸ್ಟರು ಹೊಡೀಬೇಕು. ಇನ್ನೆಲ್ಲಿ ಏನು ಬಿಡಿಸಿಬಿಡ್ತಾರೋ! ನೀವು ಪಕ್ಕದಲ್ಲೇ ನಿಂತಿರೋದು ಒಳ್ಳೇದು.” ಬಾಗಿಲ ಬಳಿ ತಿರುಗಿ, ಗುರುವಾರ ‘ರೀ’ ಎಂದು ಕರೆದಿದ್ದ ಅದೇ ದನಿಯಲ್ಲಿ, “ನಡೀರಿ ಮೇಲ್ವಿಚಾರಕರೇ, ಜೀಪು ಹತ್ತಿ,” ಎಂದರು.

ತಾಳೆರಾಯರು ಹತ್ತಿದರು. ಮೋಜಣಿದಾರ ತಾನಾಗಿ ಹಿಂದಕ್ಕೆ ಹೋಗಿ ಮುಂದಿನ ಆಸನ ಬಿಟ್ಟುಕೊಟ್ಟ. ಮೇಷ್ಟ್ರು ಗೇಟು ತೆಗೆದು ಹಿಡಿದರು. ಜೀಪು ಬೀದಿಯ ತಿರುವು ದಾಟುವಾಗ, ಬೆಳಗಿನಿಂದ ನಡೆದದ್ದೇನೂ ತಿಳಿಯದ ತಿರುವಿನ ಮನೆಯವಳು ಅದರೊಳಗೆ ರಾಯರನ್ನು ಕಂಡು ಎದೆಯೊಡೆದು, ಸೆರಗು ಸಿಕ್ಕಿಸಿ ಓಡೋಡುತ್ತ ಬಂದಳು.

“ಅಯ್ಯೋ ಅಕ್ಕ! ನಿಮ್ಮನೆಯವರನ್ನ ಹಿಡ್ಕೊಂಡು ಹೋದ್ರಲ್ಲ! ಏನ್ ಮಾಡಿದ್ರಂತೆ?”

ಮದುವೆಯಾದ ದಿನದಿಂದ ಗಂಡನನ್ನು ‘ಇವರು’ ಎಂಬುದರ ಆಚೆಗೆ ಕರೆದೇ ಇರದ ಆಕೆ ಸೆರಗು ಸರಿಮಾಡಿಕೊಂಡರು. ಇಡೀ ಬೀದಿ ಇನ್ನೂ ಅಲ್ಲೇ ಇದೆಯೇ ಎಂದು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ನೋಡಿದರು. ಒಂದು ಅಕ್ಷರವನ್ನೂ ನುಂಗದೆ, ಒಂದು ಒತ್ತನ್ನೂ ಬಿಡದೆ ಹೇಳಿದರು:

“ಹಿಡ್ಕೊಂಡು ಹೋಗಿಲ್ಲಮ್ಮ. ಮೇಲ್ವಿಚಾರಕರು ಆಫೀಸಿಗೆ ಹೋಗಿದ್ದಾರೆ.”